ಕಂಡದ್ದನ್ನು ಹೇಳಿದವನು ಇನ್ಫಾರ್ಮರ್ ಅಲ್ಲ



ಮೂರು ತಿಂಗಳಿಂದ ನನಗೆ ಈ ಕಾಲೇಜಿನಲ್ಲಿ ಒಂದು ಹೊಸ ಹೆಸರಿದೆ: ‘ಇನ್ಫಾರ್ಮರ್’. ಕ್ಯಾಂಟೀನಿಗೆ ಹೋದರೆ “ಮೆಲ್ಲಗೆ ಮಾತಾಡ್ರೋ, ಇನ್ಫಾರ್ಮರ್ ಬಂದ” ಎಂದು ಯಾರಾದರೂ ಹೇಳುತ್ತಾರೆ, ಉಳಿದವರು ನಗುತ್ತಾರೆ. ಮೊದಮೊದಲು ನಾನೂ ನಕ್ಕೆ. ಕಳೆದ ವಾರ ನಾನು ಹೋಗಿ ಕುಳಿತ ಬೆಂಚಿನಿಂದ ಇಬ್ಬರು ಗೆಳೆಯರು ಸುಮ್ಮನೆ ಎದ್ದು ಹೋದರು. ಆಗ ನಗು ಬರಲಿಲ್ಲ. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಒಂದು ಸಂಜೆ ಟ್ಯೂಷನ್ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆಯ ಆ ಬದಿಯಲ್ಲಿ ಒಬ್ಬರು ಹಣ್ಣಿನ ತಳ್ಳುಗಾಡಿಯನ್ನು ಮನೆಯ ಕಡೆ ತಳ್ಳಿಕೊಂಡು ಹೋಗುತ್ತಿದ್ದರು. ಬಿಳಿ ಕಾರೊಂದು ಹಿಂದಿನಿಂದ ಬಂದು ಗಾಡಿಗೆ ಗುದ್ದಿತು. ಅವರು ಬಿದ್ದರು, ಕಿತ್ತಳೆ ಹಣ್ಣುಗಳು ರಸ್ತೆಯ ತುಂಬ ಉರುಳಿದವು. ಕಾರು ಒಂದು ಕ್ಷಣ ನಿಧಾನವಾಯಿತು, ಆಮೇಲೆ ಹೊರಟೇ ಹೋಯಿತು. ನಂಬರಿನ ಕೊನೆಯ ನಾಲ್ಕು ಅಂಕಿಗಳು ನನ್ನ ಕಣ್ಣಿಗೆ ಬಿದ್ದವು. ಎಡಗಡೆಯ ಹೆಡ್‌ಲೈಟ್ ಒಡೆದದ್ದೂ ಕಂಡಿತು. ನಾನು ಮತ್ತು ಒಬ್ಬ ಆಟೋ ಚಾಲಕರು ಸೇರಿ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಅವರ ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು.

ಮರುದಿನ ಪೊಲೀಸರು ನಮ್ಮ ಮನೆಗೆ ಬಂದು ಕೇಳಿದರು. ಅಬ್ಬಾ ಪಕ್ಕದಲ್ಲಿ ಕುಳಿತಿದ್ದರು. ಕಂಡದ್ದನ್ನು ಹೇಳಿದೆ. ಕಾರು ಓಡಿಸುತ್ತಿದ್ದವರು ಯಾರೆಂದು ಕೇಳಿದಾಗ, ಮುಖ ಕಾಣಲಿಲ್ಲ ಎಂದೆ. ಯಾಕೆಂದರೆ ನಿಜವಾಗಿಯೂ ಕಾಣಲಿಲ್ಲ. ಎರಡು ದಿನದ ನಂತರ ಗೊತ್ತಾಯಿತು, ಕಾರು ನಮ್ಮ ಮೊಹಲ್ಲಾದವರದೇ. ಪ್ರಕರಣ ಈಗ ನ್ಯಾಯಾಲಯದಲ್ಲಿದೆ. ತಪ್ಪು ಯಾರದು ಎಂದು ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸ, ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ “ನಮ್ಮವರನ್ನೇ ಹಿಡಿದುಕೊಟ್ಟ” ಎಂಬ ಮಾತು ಹುಟ್ಟಿದ್ದು ಆ ದಿನ. ‘ಇನ್ಫಾರ್ಮರ್’ ಎಂಬ ಹೆಸರೂ ಅದರ ಜೊತೆಗೇ ಬಂತು.

ಈ ಪದ ನನಗೆ ಅಂಟುವುದಿಲ್ಲ ಎಂದು ಹೇಳಲು ಮೊದಲು ಆ ಪದದ ಅರ್ಥ ನೋಡೋಣ. ಪತ್ರಿಕೆಗಳಲ್ಲಿ “ಖಚಿತ ಮಾಹಿತಿ ಮೇರೆಗೆ ಪೊಲೀಸರು ದಾಳಿ ನಡೆಸಿದರು” ಎಂಬ ವಾಕ್ಯವನ್ನು ನಾವೆಲ್ಲ ಓದಿದ್ದೇವೆ. ಆ ಖಚಿತ ಮಾಹಿತಿ ಕೊಟ್ಟವರು ಯಾರು? ಪತ್ರಿಕೆ ಹೇಳುವುದಿಲ್ಲ, ಪೊಲೀಸರೂ ಹೇಳುವುದಿಲ್ಲ. ಅಪರಾಧದ ಸುಳಿವು ಎಲ್ಲಿಂದ ಬಂತು ಎಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಮುಂದುವರಿದಿದೆ. ಹೀಗೆ ಹೆಸರಿಲ್ಲದೆ ಸುಳಿವು ಕೊಡುತ್ತಾ ಇರುವವನೇ ಇನ್ಫಾರ್ಮರ್, ಕನ್ನಡದಲ್ಲಿ ಬಾತ್ಮೀದಾರ. ಅವನ ಕೆಲಸ ಒಂದು ದಿನದ್ದಲ್ಲ. ಅವನು ಜನರ ನಡುವೆ ಇದ್ದುಕೊಂಡು ಕಿವಿ ತೆರೆದಿಡುತ್ತಾನೆ. ಕೆಲವೊಮ್ಮೆ ಹಣಕ್ಕಾಗಿ, ಕೆಲವೊಮ್ಮೆ ತನ್ನ ಮೇಲಿರುವ ಕೇಸಿನ ಭಯಕ್ಕಾಗಿ, ಕೆಲವೊಮ್ಮೆ ಯಾರದೋ ಮೇಲಿನ ದ್ವೇಷಕ್ಕಾಗಿ ಹೇಳುತ್ತಾನೆ. ಅವನು ಹೇಳಿದ್ದು ತನಿಖೆಗೆ ದಾರಿ ತೋರಿಸಬಹುದು, ಆದರೆ ಬರೀ ಅದರಿಂದ ಯಾರನ್ನೂ ಅಪರಾಧಿ ಎಂದು ತೀರ್ಮಾನಿಸಲಾಗದು.

ಸಾಕ್ಷಿ ಇದಕ್ಕೆ ವಿರುದ್ಧ. ಅವನು ಏನನ್ನೂ ಹುಡುಕಿಕೊಂಡು ಹೋದವನಲ್ಲ. ಬಸ್ಸಿಗೆ ಕಾಯುತ್ತಿದ್ದಾಗ ಘಟನೆಯೇ ಅವನ ಮುಂದೆ ಬಂದಿರುತ್ತದೆ. ಅವನ ಹೆಸರು ದೋಷಾರೋಪ ಪಟ್ಟಿಯಲ್ಲಿರುತ್ತದೆ. ಅವನು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಮಾತಾಡಬೇಕು. ತಾನು ಸ್ವತಃ ನೋಡಿದ್ದನ್ನು, ಕೇಳಿದ್ದನ್ನು ಮಾತ್ರ ಹೇಳಬೇಕು. ಆರೋಪಿಯ ವಕೀಲರು ಅವನನ್ನು ಪಾಟೀಸವಾಲಿಗೆ ಒಳಪಡಿಸುತ್ತಾರೆ. ಆಗ ಬೀದಿ ದೀಪ ಉರಿಯುತ್ತಿತ್ತೇ, ನೀನು ಎಷ್ಟು ದೂರದಲ್ಲಿದ್ದೆ, ನಿನಗೂ ಆರೋಪಿಗೂ ಹಳೆಯ ಜಗಳವಿದೆಯೇ ಎಂದು ಕೇಳುತ್ತಾರೆ. ಸುಳ್ಳು ಹೇಳಿದರೆ ಸಾಕ್ಷಿಗೇ ಶಿಕ್ಷೆ. ಅಂದರೆ ಸಾಕ್ಷಿಯ ಮಾತಿನಿಂದ ಆರೋಪಿಗೂ ರಕ್ಷಣೆ ಇದೆ. ನಿನ್ನ ವಿರುದ್ಧ ಯಾರು, ಏನು ಹೇಳುತ್ತಿದ್ದಾರೆ ಎಂದು ಅವನಿಗೆ ಗೊತ್ತಿರುತ್ತದೆ, ಅದನ್ನು ಪ್ರಶ್ನಿಸುವ ಅವಕಾಶವೂ ಇರುತ್ತದೆ. ಬಾತ್ಮೀದಾರನ ಮಾತಿನಲ್ಲಿ ಈ ಅವಕಾಶ ಇಲ್ಲ.

ನನ್ನ ದಾದಿ ಇಷ್ಟು ಉದ್ದ ಹೇಳಲಿಲ್ಲ. ನಮ್ಮ ಮನೆಮಾತು ಉರ್ದು, ಅದರಲ್ಲಿ ಎರಡಕ್ಕೂ ಬೇರೆ ಬೇರೆ ಪದಗಳಿವೆ: ಮುಖ್ಬೀರ್ ಮತ್ತು ಗವಾಹ್. ನಾನು ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದಾಗ ದಾದಿ ಕೇಳಿದರು, “ನಿನ್ನ ಅಬ್ಬಾನ ನಿಕಾಹ್‌ಗೆ ಗವಾಹ್ ಆದವರ ಹೆಸರು ಇವತ್ತಿಗೂ ಮಸೀದಿಯ ಪುಸ್ತಕದಲ್ಲಿದೆ. ಮುಖ್ಬೀರನ ಹೆಸರು ಯಾವ ಪುಸ್ತಕದಲ್ಲಿದೆ, ಹೇಳು?”

ಕತೆ ಇಲ್ಲಿಗೆ ಮುಗಿಯಲಿಲ್ಲ. ಹೇಳಿಕೆ ಕೊಟ್ಟ ಎರಡು ವಾರದ ನಂತರ, ಇಲಾಖೆಯವನು ಎಂದು ಪರಿಚಯಿಸಿಕೊಂಡ ಒಬ್ಬರು ಮಫ್ತಿಯಲ್ಲಿ ಮನೆಗೆ ಬಂದರು. ನನ್ನ ಧೈರ್ಯವನ್ನು ಹೊಗಳಿದರು. ಚಹಾ ಕುಡಿದರು. ಹೋಗುವಾಗ, “ನಿಮ್ಮ ಕಾಲೇಜಿನ ಹುಡುಗರು ಎಲ್ಲಿ ಸೇರ್ತಾರೆ, ವಾಟ್ಸಾಪ್ ಗ್ರೂಪಲ್ಲಿ ಏನೇನು ಬರುತ್ತೆ, ಆಗಾಗ ನನಗೊಂದು ಫೋನ್ ಮಾಡ್ತಾ ಇರು. ನಿನಗೂ ಒಳ್ಳೇದಾಗುತ್ತೆ” ಎಂದರು. ನನಗೆ ಉತ್ತರ ತೋಚಲಿಲ್ಲ. ಅಬ್ಬಾ ಮಾತ್ರ, “ಅವನಿಗೆ ಪರೀಕ್ಷೆ ಇದೆ ಸರ್, ಓದಿಕೊಳ್ಳಲಿ” ಎಂದು ಹೇಳಿ ಎದ್ದು ನಿಂತರು. ಅವರು ಮತ್ತೆ ಬರಲಿಲ್ಲ. ನಾನೂ ಫೋನ್ ಮಾಡಲಿಲ್ಲ.

ಸ್ನೇಹಿತರೇ, ನನ್ನನ್ನು ಇನ್ಫಾರ್ಮರ್ ಎಂದು ಕರೆಯುವ ನಿಮಗೆ ಇದು ಗೊತ್ತಿರಲಿಲ್ಲ. ಇನ್ಫಾರ್ಮರ್ ಆಗುವ ಅವಕಾಶ ನನಗೆ ನಿಜವಾಗಿಯೂ ಬಂದಿತ್ತು. ಒಂದು ಅಪಘಾತ ಕಂಡು ಅದನ್ನು ಹೇಳುವುದು ಒಂದು. ಯಾವ ಅಪರಾಧವೂ ನಡೆಯದಿರುವಾಗ ಗೆಳೆಯರ ಮಾತನ್ನು ಕದ್ದು ಕೇಳಿ ದಾಟಿಸುವುದು ಬೇರೆಯೇ.

ನಮ್ಮ ದೀನ್ ಕೂಡ ಈ ಎರಡನ್ನು ಬೇರೆ ಬೇರೆಯಾಗಿಯೇ ಇಟ್ಟಿದೆ. ಪವಿತ್ರ ಕುರ್‌ಆನ್‌ನ ಸೂರಾ ಅಲ್-ಹುಜುರಾತ್‌ನಲ್ಲಿ ಇತರರ ಗುಟ್ಟು ಕೆದಕುವುದನ್ನು, ಅಂದರೆ ತಜಸ್ಸುಸ್ ಅನ್ನು, ಸಂಶಯ ಮತ್ತು ಗೀಬತ್‌ನ ಸಾಲಿನಲ್ಲೇ ನಿಷೇಧಿಸಲಾಗಿದೆ. ಆದರೆ ಸೂರಾ ಅಲ್-ಬಖರಾದಲ್ಲಿ ಸಾಕ್ಷ್ಯವನ್ನು ಬಚ್ಚಿಡಬಾರದು ಎಂಬ ಆದೇಶವಿದೆ. ಸೂರಾ ಅನ್ನಿಸಾದಲ್ಲಿ ಇನ್ನೂ ಕಠಿಣ: ಸಾಕ್ಷ್ಯವು ನಮ್ಮ ವಿರುದ್ಧ, ನಮ್ಮ ತಂದೆತಾಯಿಯ ವಿರುದ್ಧ, ಬಂಧುಗಳ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕು. “ನಮ್ಮವರು” ಎಂಬ ವಾದಕ್ಕೆ ಅಲ್ಲಿ ಜಾಗವಿಲ್ಲ. ಅಷ್ಟಕ್ಕೂ ಕಾಲು ಮುರಿದುಕೊಂಡ ಆ ಹಣ್ಣಿನವರು ನಮ್ಮವರಲ್ಲವೇ? ಅವರ ಧರ್ಮ ಯಾವುದೆಂದು ನಾನು ಬೇಕೆಂದೇ ಬರೆದಿಲ್ಲ.

ಇನ್ಫಾರ್ಮರ್‌ಗಳ ಬಗ್ಗೆ ನಮ್ಮಲ್ಲಿರುವ ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. ದೆಹಲಿಯಲ್ಲಿ 2006ರಲ್ಲಿ ಇಬ್ಬರು ಮುಸ್ಲಿಂ ಯುವಕರನ್ನು ಭಯೋತ್ಪಾದಕರೆಂದು ಬಂಧಿಸಲಾಯಿತು. ತಾವು ಪೊಲೀಸರಿಗೆ ಮತ್ತು ಗುಪ್ತಚರ ದಳಕ್ಕೆ ಮಾಹಿತಿ ಕೊಡುತ್ತಿದ್ದವರು ಎಂದು ಅವರು ಹೇಳಿಕೊಂಡರು. ತನಿಖೆ ನಡೆಸಿದ ಸಿಬಿಐ 2008ರಲ್ಲಿ, ಅವರ ವಿರುದ್ಧದ ಪುರಾವೆ ಸೃಷ್ಟಿಸಿದ್ದು ಎಂದು ವರದಿ ಕೊಟ್ಟಿತು. ಆದರೂ ಅವರು ಖುಲಾಸೆಯಾದದ್ದು 2016ರ ಡಿಸೆಂಬರ್‌ನಲ್ಲಿ. ಗುಟ್ಟಾಗಿ ನಡೆಯುವ ವ್ಯವಹಾರಕ್ಕೆ ಕಾಗದವಿಲ್ಲ, ಸಾಕ್ಷಿ ಇಲ್ಲ. ಅದು ತಿರುಗಿ ಬಿದ್ದ ದಿನ ಮಾಹಿತಿ ಕೊಟ್ಟವನ ಪರ ಮಾತಾಡುವವರೂ ಇರುವುದಿಲ್ಲ. ನಮ್ಮ ಮಲೆನಾಡಿನಲ್ಲೂ ‘ಪೊಲೀಸ್ ಮಾಹಿತಿದಾರ’ ಎಂಬ ಆರೋಪ ಹೊರಿಸಿ ನಕ್ಸಲರು ಹಳ್ಳಿಗರನ್ನು ಕೊಂದ ಘಟನೆಗಳು ನಡೆದಿವೆ. ಆರೋಪ ನಿಜವೇ ಎಂದು ಕೇಳಲು ಅಲ್ಲಿ ಯಾವ ನ್ಯಾಯಾಲಯವೂ ಇರಲಿಲ್ಲ. ಈ ಪದ ತಮಾಷೆಯದಲ್ಲ ಎಂದು ನಾನು ಹೇಳುವುದು ಇದಕ್ಕೇ.

ಹಾಗೆಂದು ಸುಳಿವು ಕೊಡುವುದೆಲ್ಲ ಕೆಟ್ಟದ್ದೂ ಅಲ್ಲ. ಕಾಲೇಜಿನ ಹತ್ತಿರ ಗಾಂಜಾ ಮಾರುವುದನ್ನು ಕಂಡು ಒಬ್ಬ ವಿದ್ಯಾರ್ಥಿನಿ 112ಕ್ಕೆ ಕರೆ ಮಾಡಿದರೆ ಅವಳು ಬಾತ್ಮೀದಾರಳಲ್ಲ, ಜವಾಬ್ದಾರಿಯ ನಾಗರಿಕಳು. ಅಪರಾಧದ ಬಗ್ಗೆ ಮೊದಲು ದೂರು ಕೊಟ್ಟವರನ್ನೂ ಕಾನೂನಿನ ಇಂಗ್ಲಿಷ್‌ನಲ್ಲಿ ‘ಇನ್ಫಾರ್ಮೆಂಟ್’ ಎಂದೇ ಕರೆಯುತ್ತಾರೆ. ಕನ್ನಡದಲ್ಲಿ ಅವರು ಫಿರ್ಯಾದಿ. ನಮ್ಮ ಗೊಂದಲಕ್ಕೆ ಈ ಪದವೂ ಸ್ವಲ್ಪ ಕಾರಣವಿರಬಹುದು.

ಸಾಕ್ಷಿಗಳನ್ನು ನಾವು ಹೀಗೆ ಹೆದರಿಸಿದರೆ ಏನಾಗುತ್ತದೆ? 1999ರಲ್ಲಿ ದೆಹಲಿಯ ಒಂದು ರೆಸ್ಟೋರೆಂಟ್‌ನಲ್ಲಿ ಜೆಸ್ಸಿಕಾ ಲಾಲ್ ಎಂಬ ಯುವತಿಯನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅಲ್ಲಿ ತುಂಬ ಜನರಿದ್ದರು. ಆದರೆ ನ್ಯಾಯಾಲಯದಲ್ಲಿ ಪ್ರಮುಖ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರ ಫೆಬ್ರವರಿಯಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ದೇಶದಾದ್ಯಂತ ಜನ ಪ್ರತಿಭಟಿಸಿದರು. ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟ್ ಪ್ರಮುಖ ಆರೋಪಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಸಾಕ್ಷಿಗಳ ಮುಂದೆ ಇದ್ದದ್ದು ಹಣಬಲ ಮತ್ತು ಅಧಿಕಾರ. ನಮ್ಮ ಮುಂದೆ ಇರುವುದು ಕ್ಯಾಂಟೀನಿನ ನಗು. ಎರಡೂ ಕೇಳುವುದು ಒಂದನ್ನೇ: ಬಾಯಿ ಮುಚ್ಚಿಕೋ.

ನಾವು ತಿಳಿದಿರಬೇಕಾದ ಕೆಲವು ವಿಷಯಗಳಿವೆ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಯನ್ನು ಒಪ್ಪಿ, ದೇಶದಾದ್ಯಂತ ಪಾಲಿಸಬೇಕೆಂದು ಹೇಳಿತು. ಬೆದರಿಕೆ ಇರುವ ಸಾಕ್ಷಿ ಅರ್ಜಿ ಕೊಟ್ಟರೆ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ ರಕ್ಷಣೆಗೆ ಆದೇಶಿಸಬಹುದು. ಮಹಿಳೆಯರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಪುರುಷರನ್ನು ಸಾಕ್ಷಿ ವಿಚಾರಣೆಗೆಂದು ಠಾಣೆಗೆ ಬರಲೇಬೇಕು ಎಂದು ಒತ್ತಾಯಿಸುವಂತಿಲ್ಲ. ಅವರು ವಾಸವಿರುವಲ್ಲೇ ಕೇಳಬೇಕು. ಪೊಲೀಸರು ಬರೆದುಕೊಂಡ ಸಾಕ್ಷಿ ಹೇಳಿಕೆಗೆ ಸಾಕ್ಷಿ ಸಹಿ ಹಾಕಬೇಕಿಲ್ಲ. ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾದವರ ರಕ್ಷಣೆಗೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಹೊಸ ಕಲಂ ಸೇರಿಸಲಾಗಿದೆ. ಕರ್ನಾಟಕವೂ ಪ್ರತ್ಯೇಕ ಕಾನೂನು ಮಾಡಿದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳುವುದೂ ಬಿಡುವುದೂ ಅವರ ಇಷ್ಟ. ಈ ಎಲ್ಲ ನಿಯಮಗಳು ಎಲ್ಲ ಕಡೆ ಸರಿಯಾಗಿ ನಡೆಯುತ್ತವೆ ಎಂದು ನಾನು ಹೇಳಲಾರೆ. ಆದರೆ ಕೇಳುವ ಹಕ್ಕು ಇದೆ ಎಂದು ಗೊತ್ತಿದ್ದರೆ ತಾನೇ ಕೇಳಲು ಸಾಧ್ಯ?

ಪೌರನೀತಿಯ ಪಾಠದಲ್ಲಿ ನಾಗರಿಕರ ಕರ್ತವ್ಯಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ. ಮಾನ್ಯ ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ. ಒಂದು ದಿನ ಒಬ್ಬ ವಕೀಲರನ್ನು ಕರೆಸಿ, ಸಾಕ್ಷಿ ಹೇಳುವುದೆಂದರೆ ಏನು, ನಮ್ಮ ಹಕ್ಕುಗಳೇನು, ಮಫ್ತಿಯಲ್ಲಿ ಬಂದವರು ಕೇಳಿದ್ದಕ್ಕೆಲ್ಲ ಉತ್ತರಿಸಬೇಕೇ ಎಂದು ನಮಗೆ ತಿಳಿಸಿಕೊಡಿ. ಹುಡುಗಿಯರಿಗೂ ಹುಡುಗರಿಗೂ ಇದು ಪರೀಕ್ಷೆಯ ಆಚೆಗೂ ಬೇಕಾಗುವ ಪಾಠ.

ಮುಂದಿನ ದಿನಗಳಲ್ಲಿ ನನಗೆ ಸಮನ್ಸ್ ಬರಬಹುದು. ನನಗೆ ಭಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಕಾರಿನವರ ಮನೆಯವರು ಜುಮಾ ದಿನ ನನ್ನ ಪಕ್ಕದ ಸಾಲಿನಲ್ಲೇ ನಿಲ್ಲುತ್ತಾರೆ. ಅವರ ಮೇಲೆ ನನಗೆ ದ್ವೇಷವಿಲ್ಲ, ಸಲಾಂ ಹೇಳುವುದನ್ನೂ ನಿಲ್ಲಿಸಿಲ್ಲ. ಕಟಕಟೆಯಲ್ಲಿ ನಿಂತು ನಾಲ್ಕು ಅಂಕಿ ಮತ್ತು ಒಂದು ಒಡೆದ ದೀಪದ ಬಗ್ಗೆ ಹೇಳುತ್ತೇನೆ, ಮುಖ ಕಾಣಲಿಲ್ಲ ಎಂಬುದನ್ನೂ ಹೇಳುತ್ತೇನೆ. ಅದಕ್ಕಿಂತ ಒಂದು ಪದ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಆ ಹಣ್ಣಿನವರು ಈಗ ಊರುಗೋಲಿನಲ್ಲಿ ಓಡಾಡುತ್ತಿದ್ದಾರೆ. ಅವರ ಗಾಡಿಯನ್ನು ಸದ್ಯಕ್ಕೆ ಮಗ ತಳ್ಳುತ್ತಾನೆ. ಅವನಿಗೆ ನಮ್ಮದೇ ವಯಸ್ಸು.

ಬೆಂಚಿನಿಂದ ಎದ್ದು ಹೋದ ಇಬ್ಬರಿಗೆ ಕೊನೆಯದಾಗಿ ಒಂದು ಮಾತು. ನಾಳೆ ಊಟದ ಬಿಡುವಿನಲ್ಲಿ ನಾನು ಅದೇ ಬೆಂಚಿನಲ್ಲಿ ಇರುತ್ತೇನೆ. ಜಾಗ ಇದೆ, ಬನ್ನಿ. ಹೆಸರು ಹಿಡಿದು ಕರೆಯಿರಿ, ಸಾಕು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ಒಬ್ಬ ವಿದ್ಯಾರ್ಥಿ