ಬೆಕ್ಕನ್ನು ವಿಮಾನದಲ್ಲಿ ಜೊತೆಗೆ ಕರೆದೊಯ್ಯಬಹುದೇ?

“ನಾಯಿ ಮಂದೀಗೆ ಹೊಂದ್ತೈತಿ, ಬೆಕ್ಕು ಮನೀಗೆ ಹೊಂದ್ತೈತಿ.” ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆ ಹಿರಿಯರ ಬಾಯಲ್ಲಿ ಕೇಳಿಬರುವ ಮಾತಿದು. ಜೋಳ, ಕಡಲೆಯ ಚೀಲಗಳಿರುವ ಮನೆಗೆ ಇಲಿ ಹಿಡಿಯಲು ಬೆಕ್ಕು ಬೇಕು. ಅದು ಮನೆಯದ್ದು, ಮನೆಯಲ್ಲೇ ಇರುತ್ತದೆ. ಊರು ಬಿಡುವಾಗ ಅದನ್ನೂ ಕರೆದೊಯ್ಯುವ ಪ್ರಶ್ನೆ ಹಿಂದೆ ಅಷ್ಟಾಗಿ ಏಳುತ್ತಿರಲಿಲ್ಲ. ಈಗ ಏಳುತ್ತಿದೆ. ಮಕ್ಕಳು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಅಮೆರಿಕದಲ್ಲೋ ಇದ್ದಾರೆ, ಊರಲ್ಲಿ ಒಬ್ಬಳೇ ಉಳಿದ ಅವ್ವನನ್ನು ಕರೆಸಿಕೊಳ್ಳಬೇಕು. ಅವ್ವ ಹೇಗೋ ಒಪ್ಪುತ್ತಾಳೆ, ಆಮೇಲೆ ಕೇಳುತ್ತಾಳೆ: “ಮತ್ತ ಬೆಕ್ಕು?”

ಹಿರಿಯರ ಆ ಮಾತು ಅರ್ಧ ನಿಜ. ಬೆಕ್ಕು ತನ್ನ ಜಾಗವನ್ನು ವಾಸನೆಯಿಂದ ಗುರುತಿಸುವ ಪ್ರಾಣಿ. ಬಾಗಿಲಿನ ಚೌಕಟ್ಟು, ಕಂಬ, ನಿಮ್ಮ ಕಾಲು ಎಲ್ಲಕ್ಕೂ ಅದು ಕೆನ್ನೆ ಉಜ್ಜುವುದು ತನ್ನ ವಾಸನೆ ಬಿಡಲಿಕ್ಕೆ. ಆ ವಾಸನೆ ಇಲ್ಲದ ಕಡೆ ಅದಕ್ಕೆ ದಿಗಿಲು. ಆದರೆ ಅದು ಮನುಷ್ಯರನ್ನು ಹಚ್ಚಿಕೊಳ್ಳುವುದಿಲ್ಲ ಎನ್ನುವುದು ಸುಳ್ಳು. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಕ್ಕಿನ ಮರಿಗಳನ್ನು ಅಪರಿಚಿತ ಕೋಣೆಗೆ ಬಿಟ್ಟು ಸಾಕಿದವರು ಎರಡು ನಿಮಿಷ ಹೊರಗೆ ಹೋಗಿ ಬಂದರು. ಸುಮಾರು 64% ಮರಿಗಳು ಸಾಕಿದವರನ್ನು ಕಂಡೊಡನೆ ನಿರಾಳವಾದವು. ಅಂದರೆ ಜಾಗ ಬದಲಾದಾಗ ಬೆಕ್ಕಿಗೆ ಪರಿಚಿತ ವಾಸನೆ ಮತ್ತು ಪರಿಚಿತ ಮನುಷ್ಯ, ಎರಡೂ ಆಸರೆಯಾಗುತ್ತವೆ. ವಿಮಾನದ ಕೆಳಗಿನ ಸರಕಿನ ಭಾಗಕ್ಕಿಂತ ಕ್ಯಾಬಿನ್‌ನಲ್ಲಿ ಕಾಲ ಬಳಿ ಇಟ್ಟುಕೊಂಡು ಹೋಗುವುದು ವಾಸಿ ಎನ್ನಲು ಇದೂ ಒಂದು ಕಾರಣ.

ಇನ್ನು ವಿಮಾನದ್ದು. “ಮ್ಯಾಲೆ ಹೋದಮ್ಯಾಲ ಕಿವಿ ಒಡದು ಸಾಯ್ತೈತಿ” ಎಂಬ ಹೆದರಿಕೆ ಹಲವರಿಗಿದೆ. ಹಾರುವಾಗ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟಿರುತ್ತದೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,900 ಮೀಟರ್. ಏರುವಾಗ, ಇಳಿಯುವಾಗ ನಮ್ಮಂತೆ ಬೆಕ್ಕಿನ ಕಿವಿಯೂ ಗುಂಯ್ ಎನ್ನುತ್ತದೆ, ಉಗುಳು ನುಂಗಿದಾಗ ಸರಿಹೋಗುತ್ತದೆ. ಆರೋಗ್ಯವಂತ ಬೆಕ್ಕಿಗೆ ಅಪಾಯವಿಲ್ಲ. ಪ್ರಾಣಿಗಳನ್ನು ಇಡುವ ಸರಕಿನ ಭಾಗದಲ್ಲೂ ಗಾಳಿಯ ಒತ್ತಡ ಕಾಯ್ದಿರುತ್ತಾರೆ. ಅಲ್ಲಿ ತೊಂದರೆಯಾಗುವುದು ಹೆಚ್ಚಾಗಿ ಹತ್ತಿಸುವ ಮುಂಚೆ ಬಿಸಿಲಲ್ಲಿ ಕಾಯುವಾಗ. ಪರ್ಷಿಯನ್‌ನಂಥ ಚಪ್ಪಟೆ ಮೂಗಿನ ತಳಿಗಳಿಗೆ ಉಸಿರಾಟವೇ ಕಷ್ಟ, ಅವುಗಳ ವಿಷಯದಲ್ಲಿ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ.

ನಿಜವಾದ ಅಪಾಯ ಬರುವುದು ನಮ್ಮ ಕೈಯಿಂದಲೇ, ಗುಳಿಗೆಯ ರೂಪದಲ್ಲಿ. ಬೆಕ್ಕು ಒದರಬಾರದೆಂದು ನಿದ್ದೆ ಗುಳಿಗೆ ಹಾಕುವವರಿದ್ದಾರೆ. ಹಾರುವ ಪ್ರಾಣಿಗೆ ಮತ್ತು ಬರಿಸುವ ಔಷಧ ಕೊಡುವುದನ್ನು ಅಮೆರಿಕದ ಪಶುವೈದ್ಯರ ಸಂಘವೂ ಬೇಡವೆನ್ನುತ್ತದೆ. ಅಂಥ ಔಷಧಗಳಲ್ಲಿ ಕೆಲವು ರಕ್ತದೊತ್ತಡ ಇಳಿಸುತ್ತವೆ, ಮೈಯ ಬಿಸಿ ಹತೋಟಿ ತಪ್ಪಿಸುತ್ತವೆ. ಬೆಕ್ಕು ಸುಮ್ಮನೆ ಬಿದ್ದಿರುತ್ತದೆ, ಒಳಗೆ ದಿಗಿಲು ಹಾಗೇ ಇರುತ್ತದೆ. ತುಂಬಾ ಅಂಜುವ ಬೆಕ್ಕಿಗೆ ವೈದ್ಯರು ಗ್ಯಾಬಪೆಂಟಿನ್‌ನಂಥ ಔಷಧ ಬರೆದುಕೊಡುವುದುಂಟು. ಅದನ್ನೂ ಪ್ರಯಾಣಕ್ಕೆ ಮೊದಲೇ ಮನೆಯಲ್ಲಿ ಒಮ್ಮೆ ಕೊಟ್ಟು ನೋಡಬೇಕು. ಮನುಷ್ಯರ ಜ್ವರದ ಗುಳಿಗೆಯನ್ನಂತೂ ಮುಟ್ಟಲೇಬೇಡಿ. ಪ್ಯಾರಾಸಿಟಮಾಲ್ ಅನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಒಂದೇ ಗುಳಿಗೆ ಅದನ್ನು ಕೊಲ್ಲಬಲ್ಲದು. ಹೊರಡುವ ಮುಂಚೆ ಪ್ರೀತಿಯಿಂದ ಬಟ್ಟಲು ತುಂಬ ಹಾಲು ಹಾಕುವುದೂ ಬೇಡ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ. ಭೇದಿ ಶುರುವಾಗುವುದು ಸರಿಯಾಗಿ ವಿಮಾನದೊಳಗೆ. ನಾಲ್ಕಾರು ತಾಸು ಮೊದಲು ಸ್ವಲ್ಪ ಊಟ, ಆಮೇಲೆ ನೀರಷ್ಟೇ ಸಾಕು.

ಔಷಧಕ್ಕಿಂತ ಉಪಯೋಗಕ್ಕೆ ಬರುವುದು ಕೌದಿಯ ಹಳೆಯ ತುಂಡು. ಬೆಕ್ಕಿನ ಬ್ಯಾಗನ್ನು ತಿಂಗಳ ಮೊದಲೇ ತಂದು, ಅದು ದಿನಾ ಮಲಗುವ ಕೌದಿಯ ತುಂಡನ್ನು ಒಳಗೆ ಹಾಸಿ, ಬಾಯಿ ತೆರೆದು ಪಡಸಾಲೆಯಲ್ಲಿಡಿ. ಊಟ ಅದರೊಳಗೇ ಹಾಕಿ. ಹೊರಡುವ ದಿನ ಮಾತ್ರ ಬ್ಯಾಗು ಕಂಡ ಬೆಕ್ಕು ಅಟ್ಟ ಹತ್ತುತ್ತದೆ. ಚೀಲದಲ್ಲಿ ತುಂಬಿ ಸಂತೆಗೆ ಬಿಟ್ಟುಬರುವ ನಮ್ಮ ಹಳೆಯ ಪದ್ಧತಿ ಅದಕ್ಕೂ ಗೊತ್ತಿದ್ದಂತೆ! ಭದ್ರತಾ ತಪಾಸಣೆಯಲ್ಲಿ ಬೆಕ್ಕನ್ನು ಹೊರತೆಗೆದು ಖಾಲಿ ಬ್ಯಾಗನ್ನು ಎಕ್ಸ್‌ರೇ ಯಂತ್ರಕ್ಕೆ ಕಳಿಸಬೇಕಾಗುತ್ತದೆ. ಆ ಗದ್ದಲದಲ್ಲಿ ಕೈಯಿಂದ ಜಿಗಿದರೆ ಹಿಡಿಯುವುದು ಕಷ್ಟ. ಹಾಗಾಗಿ ಹಾರ್ನೆಸ್ ಎಂದು ಮಾರುವ ಎದೆಪಟ್ಟಿ ಮತ್ತು ಹಗ್ಗ ಮೊದಲೇ ರೂಢಿ ಮಾಡಿಸಿರಬೇಕು.

ಹೀಗೆ ಹೆದರಿದ ಬೆಕ್ಕು ಕಚ್ಚುತ್ತದೆ, ಪರಚುತ್ತದೆ. ಇಲ್ಲಿ ಇನ್ನೊಂದು ತಪ್ಪು ನಂಬಿಕೆ ತಿದ್ದಬೇಕು. ರೇಬೀಸ್ ನಾಯಿಯಿಂದ ಮಾತ್ರ ಬರುವುದಿಲ್ಲ. ಬೀದಿ ನಾಯಿಗಳ ಜೊತೆ ಜಗಳವಾಡಿ ಬರುವ ಊರ ಬೆಕ್ಕಿನಿಂದಲೂ ಬರುತ್ತದೆ, ಒಮ್ಮೆ ರೋಗಲಕ್ಷಣ ಕಂಡರೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಕ್ಕಿಗೆ ಲಸಿಕೆ ಹಾಕಿಸಿ ಕಾರ್ಡು ಇಟ್ಟುಕೊಳ್ಳಿ. ವಿಮಾನ ಹತ್ತಲಿ ಬಿಡಲಿ, ಲಸಿಕೆ ಬೇಕೇ ಬೇಕು.

ಈಗ ಹುಬ್ಬಳ್ಳಿಯ ಮಾತು. ಇಲ್ಲಿನ ನಿಲ್ದಾಣದಿಂದ ಹಾರುವುದು ಮುಖ್ಯವಾಗಿ ಇಂಡಿಗೋ. ಆ ಸಂಸ್ಥೆ ಅಂಗವಿಕಲರ ನೆರವಿಗೆ ತರಬೇತಾದ ನಾಯಿಗಳನ್ನು ಬಿಟ್ಟರೆ ಸಾಕುಪ್ರಾಣಿಗಳನ್ನು ಒಯ್ಯುವುದಿಲ್ಲ. ಏರ್ ಇಂಡಿಯಾ ಮತ್ತು 2022ರಿಂದ ಆಕಾಸಾ ಏರ್ ತೂಕದ ಮಿತಿಯೊಳಗಿನ ಬೆಕ್ಕನ್ನು ಕ್ಯಾಬಿನ್‌ನಲ್ಲಿ ಬಿಟ್ಟುಕೊಳ್ಳುತ್ತವೆ. ಬ್ಯಾಗು ಸೇರಿಸಿ ತೂಗುತ್ತಾರೆ. ಮೂರ್ನಾಲ್ಕು ಕಿಲೋದ ನಮ್ಮ ನಾಟಿ ಬೆಕ್ಕಿಗೆ ಅದು ದೊಡ್ಡ ತೊಡಕಲ್ಲ. ಲಸಿಕೆಯ ದಾಖಲೆ, ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಬೇಕು. ಒಂದು ವಿಮಾನದಲ್ಲಿ ಇಷ್ಟೇ ಪ್ರಾಣಿ ಎಂಬ ಮಿತಿ ಇರುವುದರಿಂದ ಮೊದಲೇ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕು. ಆದರೆ ಇದಕ್ಕೆ ಬೆಂಗಳೂರು ಅಥವಾ ಗೋವಾಕ್ಕೆ ರಸ್ತೆಯಲ್ಲೇ ಹೋಗಬೇಕಾಗಬಹುದು. ಬೆಂಗಳೂರೇ ಕೊನೆಯ ಊರಾದರೆ ವಿಮಾನದ ತಂಟೆ ಯಾಕೆ? ರಾತ್ರಿ ಕಾರಿನಲ್ಲಿ ಏಳೆಂಟು ತಾಸು ಸಾಕು. ಬಸ್ಸಾದರೆ ಟಿಕೆಟ್ ಕೇಳಿದರೆ ಬೇಸರಪಡಬೇಡಿ: 2024ರಲ್ಲಿ ಬೆಂಗಳೂರು–ಮೈಸೂರು ಬಸ್ಸಿನಲ್ಲಿ ನಾಲ್ಕು ಲವ್‌ಬರ್ಡ್‌ಗಳಿಗೆ 444 ರೂಪಾಯಿ ಟಿಕೆಟ್ ಹರಿದದ್ದು ದೊಡ್ಡ ಸುದ್ದಿಯಾಗಿತ್ತು.

ವಿದೇಶವೆಂದರೆ ಲೆಕ್ಕ ಬೇರೆ, ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಕೇಂದ್ರ ನಿಯಮದಲ್ಲಿ ಬೆಕ್ಕಿಗೆ ರೇಬೀಸ್ ಲಸಿಕೆ ಕಡ್ಡಾಯವಿಲ್ಲ. 2024ರ ಆಗಸ್ಟಿನಲ್ಲಿ ಬಿಗಿಯಾದದ್ದು ನಾಯಿಗಳ ನಿಯಮ. ಯುರೋಪಿಯನ್ ಒಕ್ಕೂಟಕ್ಕೆ ಹೋಗಲು ಮೈಕ್ರೋಚಿಪ್, ಲಸಿಕೆ, ಅದಾಗಿ 30 ದಿನದ ಮೇಲೆ ರಕ್ತಪರೀಕ್ಷೆ, ನಂತರ ಮೂರು ತಿಂಗಳು ಕಾಯಬೇಕು. ಬ್ರಿಟನ್ನಿಗೆ ಹೋಗುವ ಬೆಕ್ಕು ಕ್ಯಾಬಿನ್‌ನಲ್ಲಿ ಬರುವಂತಿಲ್ಲ, ಸರಕಾಗಿಯೇ ಇಳಿಯಬೇಕು. ಎಲ್ಲಿಗೇ ಹೋದರೂ ಭಾರತ ಬಿಡುವ ಮುನ್ನ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಪ್ರಮಾಣಪತ್ರ ಬೇಕು. ನಮಗೆ ಅದು ಬೆಂಗಳೂರಿನಲ್ಲಿದೆ. ಅವ್ವನ ವೀಸಾಕ್ಕೆ ಅರ್ಜಿ ಹಾಕುವಾಗಲೇ ಬೆಕ್ಕಿನ ಕೆಲಸವೂ ಶುರುವಾಗಬೇಕು ಅನ್ನುವುದು ಇದಕ್ಕೇ.

ಹನ್ನೆರಡು ವರ್ಷ ದಾಟಿದ, ಹಗಲೆಲ್ಲ ಮಾಳಿಗೆ ಮೇಲೆ ತಿರುಗುವ ಬೆಕ್ಕಾದರೆ, ಪಕ್ಕದ ಮನೆಯವರು ದಿನಾ ಊಟ ಹಾಕಲು ಒಪ್ಪಿದರೆ, ಅಲ್ಲೇ ಬಿಡುವುದು ನನಗೆ ಸರಿ ಅನ್ನಿಸುತ್ತದೆ. ಆಗಾಗ ಫೋನ್ ಮಾಡಿ ವಿಚಾರಿಸಬಹುದು. ಅವ್ವನ ಮಗ್ಗುಲಲ್ಲೇ ಮಲಗುವ ಬೆಕ್ಕಾದರೆ ಕರೆದೊಯ್ಯಿರಿ. ಹೊಸ ಮನೆಯಲ್ಲಿ ಮೊದಲ ವಾರ ಒಂದೇ ಕೋಣೆಯಲ್ಲಿಡಿ, ಆ ಕೌದಿಯ ತುಂಡನ್ನು ಒಗೆಯಬೇಡಿ, ಮೇಲಿನ ಮಹಡಿಯ ಫ್ಲ್ಯಾಟ್ ಆಗಿದ್ದರೆ ಅದು ಬರುವ ಮೊದಲೇ ಕಿಟಕಿ, ಬಾಲ್ಕನಿಗೆ ಜಾಲರಿ ಹಾಕಿಸಿ.