ಚಹಾ ಬಿಟ್ಟರೆ ಸಾಲ ತೀರುತ್ತಾ?

ಸಾಲದ ಬಗ್ಗೆ ನಮ್ಮ ಹಿರೇಕೆರೂರು ಸೀಮೆಯ ಸರ್ವಜ್ಞ ಹೇಳಿದ ತ್ರಿಪದಿ ನಿಮಗೆಲ್ಲಾ ಬಾಯಿಪಾಠ ಇದ್ದೇ ಇರುತ್ತೆ. ಅದನ್ನ ಮತ್ತೆ ಇಲ್ಲಿ ಬರೆಯಲ್ಲ :) ಆದರೆ ಸಾಲಗಾರನಿಗೆ ನಮ್ಮ ಜನ ಕೊಡೋ ಉಪದೇಶ ಯಾವಾಗಲೂ ಒಂದೇ: "ಖರ್ಚು ಕಡಿಮಿ ಮಾಡ್ರಿ." ಈ ಮಾತಿನ ಮೇಲೆ ನನ್ನದೊಂದು ತಕರಾರಿದೆ.

ಹಾನಗಲ್, ಶಿಗ್ಗಾಂವಿ, ಸವಣೂರು ಎಲ್ಲೇ ಹೋಗಿ, ಖಾಸಗಿ ಸಾಲದ ಬಡ್ಡಿ ಹೇಳೋದು "ನೂರಕ್ಕ ಮೂರು" ಅನ್ನೋ ಧಾಟಿಯಲ್ಲೇ. ಕೇಳೋಕೆ ಎಷ್ಟು ಸಣ್ಣದು! ಆದರೆ ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ. 36. ಐವತ್ತು ಸಾವಿರಕ್ಕೆ ವರ್ಷಕ್ಕೆ 18,000 ರೂಪಾಯಿ ಬರೀ ಬಡ್ಡಿ, ಅಸಲು ಹಾಗೇ ಇರುತ್ತೆ. ಈಗ ದಿನಕ್ಕೆ ಎರಡು ಸಲ ಹತ್ತು ರೂಪಾಯಿಯ ಚಹಾ ಕುಡಿಯೋನು ಅದನ್ನ ಪೂರ್ತಿ ಬಿಟ್ಟ ಅಂದುಕೊಳ್ಳಿ. ವರ್ಷಕ್ಕೆ ಉಳಿಯೋದು 7,300. ಐದು ತಿಂಗಳ ಬಡ್ಡಿಗೂ ಸಾಲಲ್ಲ!

ಅದೇ ಮನುಷ್ಯ ಮನೆಯಲ್ಲಿರೋ ಬಂಗಾರ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಇಟ್ಟು, ಶೇ. 12ಕ್ಕೆ ಸಾಲ ಎತ್ತಿ ಹಳೇದನ್ನ ತೀರಿಸಿದರೂ ವರ್ಷಕ್ಕೆ 12,000 ಉಳೀತು. ಚಹಾನೂ ಉಳೀತು. "ಬಂಗಾರ ಒತ್ತಿ ಇಡೋದು ಮರ್ಯಾದೆಗೇಡು" ಅಂತಾರೆ. ನೂರಕ್ಕೆ ಮೂರು ಕಟ್ಟೋದು ಯಾವ ಮರ್ಯಾದೆ ಸ್ವಾಮಿ?

ಇನ್ನು ಕಿರುಸಾಲದ ಕಂತು. ಹನ್ನೆರಡು ತಿಂಗಳ ಕಂತಿನ ಸಾಲಕ್ಕೆ "ಫ್ಲಾಟ್ ಶೇ. 12" ಅಂದರೆ ನಿಜವಾದ ದರ ಸುಮಾರು 21. ಯಾಕಂದ್ರೆ ಅಸಲು ಪ್ರತಿ ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಮೊತ್ತದ ಮೇಲೆ. ವಾರ್ಷಿಕ ದರವನ್ನ ಬರೆದು ತೋರಿಸಬೇಕು, ಮನೆಯ ಎಲ್ಲಾ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ವಸೂಲಿಯ ಕಿರುಕುಳ ತಡೆಯೋಕೆ 2025ರಲ್ಲಿ ರಾಜ್ಯ ಸರ್ಕಾರವೂ ಕಾನೂನು ತಂತು. ಆದರೆ ಸಹಿ ಹಾಕೋ ಮುಂಚೆ "ವರ್ಷಕ್ಕೆ ಎಷ್ಟಾತ್ರಿ?" ಅಂತ ನಾವೇ ಕೇಳಬೇಕು.

ನನ್ನ ಪ್ರಕಾರ ನಮ್ಮ ಕಡೆಯ ನಿಜವಾದ ತೊಂದರೆ ದುಂದು ಅಲ್ಲ. ಗೋವಿನಜೋಳದ ದುಡ್ಡು ಬರೋದು ಸುಗ್ಗಿಗೊಮ್ಮೆ, ಕಂತು ಬರೋದು ವಾರವಾರ. ನಡುವಿನ ತೂತು ಮುಚ್ಚೋಕೆ ಇನ್ನೊಂದು ಸಾಲ. ಹಾಗಾಗಿ "ಹೆಚ್ಚು ದುಡೀರಿ" ಅನ್ನೋದಕ್ಕಿಂತ "ಆಗಾಗ ಬರೋ ದುಡಿಮೆ ಹುಡುಕಿ" ಅನ್ನೋದು ಸರಿ. ಡೈರಿಗೆ ಹಾಕೋ ಹಾಲಿನ ಬಟವಾಡೆ, ಸವಣೂರಿನ ಎಲೆಬಳ್ಳಿ ತೋಟದ ಕೊಯ್ಲು... ಮೊತ್ತ ಸಣ್ಣದಾದರೂ ಕಂತಿನ ದಿನಕ್ಕೆ ಕೈಯಲ್ಲಿರುತ್ತೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದವರ ಮುಂದಿದ್ದದ್ದೂ ಇದೇ ಸಮಸ್ಯೆ: ರೈತನಿಗೆ ಬೇಕಾದಾಗ, ತಡೆಯುವ ಬಡ್ಡಿಗೆ ಸಾಲ.

ಬೆಂಗಳೂರಲ್ಲಿ ಕೂತು ಇದನ್ನ ಓದ್ತಾ "ಪಾಪ, ಹಳ್ಳಿಯವರು" ಅಂದುಕೊಂಡ ಗೆಳೆಯರೇ, ನಿಮ್ಮ ಕ್ರೆಡಿಟ್ ಕಾರ್ಡ್ ಬಿಲ್ ಒಮ್ಮೆ ತೆಗೆದು ನೋಡಿ. ಬರೀ ಕನಿಷ್ಠ ಮೊತ್ತ ಕಟ್ಟಿ ಉಳಿದದ್ದನ್ನ ಮುಂದೂಡಿದರೆ ಹೆಚ್ಚಿನ ಕಾರ್ಡುಗಳಲ್ಲಿ ಬೀಳೋದು ಅದೇ ನೂರಕ್ಕೆ ಮೂರು, ಇಲ್ಲಾ ಅದಕ್ಕಿಂತ ಜಾಸ್ತಿ :)

ಉಳಿತಾಯ ಬೇಡ ಅಂತಲ್ಲ. ಮೊದಲು ಅತಿ ದುಬಾರಿ ಸಾಲ ತೀರಲಿ, ಆಮೇಲೆ ಕೈಗೆ ಆಗಾಗ ಕಾಸು ಬರಲಿ. ಚಹಾದ ಲೆಕ್ಕ ಅದರ ನಂತರ. ನೀವೇನಂತೀರಿ?