ತಕ್ಕಡಿಯ ಭವನವೂ ಬಾಗಿಲಿನ ದೂರವೂ

ದೆಹಲಿಯ ತಿಲಕ ಮಾರ್ಗದಲ್ಲಿರುವ ಸರ್ವೋಚ್ಚ ನ್ಯಾಯಾಲಯದ ಭವನವು ತಕ್ಕಡಿಯ ಆಕಾರದಲ್ಲಿ ರಚಿತವಾದುದೆಂದು ಹೇಳಿ ಹೆಮ್ಮೆಪಡುವುದು ವಾಡಿಕೆಯಾಗಿದೆ. ಕೇಂದ್ರ ಲೋಕೋಪಯೋಗಿ ಇಲಾಖೆಗೆ ಮುಖ್ಯಸ್ಥರಾದ ಮೊದಲ ಭಾರತೀಯರೆನಿಸಿದ ಗಣೇಶ ಭಿಕಾಜಿ ದೇವಳಾಲೀಕರರು ಅದರ ವಿನ್ಯಾಸವನ್ನು ರಚಿಸಿದರು. 1958ನೆಯ ಆಗಸ್ಟ್ 4ರಂದು ರಾಷ್ಟ್ರಪತಿ ರಾಜೇಂದ್ರಪ್ರಸಾದರು ಅದನ್ನು ಉದ್ಘಾಟಿಸಿದರು. ನಡುವಣ ಗುಮ್ಮಟದ ಭಾಗವು ತಕ್ಕಡಿಯ ದಂಡವೆಂದೂ ಇಕ್ಕೆಲದ ಪಾರ್ಶ್ವಗಳು ಅದರ ತಟ್ಟೆಗಳೆಂದೂ ಭಾವಿಸತಕ್ಕದ್ದು. ಕಲ್ಪನೆಯೇನೋ ಸೊಗಸಾದುದೇ. ಆದರೆ ಆ ತಕ್ಕಡಿಯು ಕಾಣುವುದು ಯಾರ ಕಣ್ಣಿಗೆ? ಆಕಾಶದಲ್ಲಿ ಹಾರುವ ಹಕ್ಕಿಯ ಕಣ್ಣಿಗೆ. ಕಾಗದದ ಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ನೆಲದ ಮೇಲೆ ನಿಂತ ಕಕ್ಷಿಗಾರನಿಗೆ ಕಾಣತಕ್ಕದ್ದು ಕಂಬಗಳೂ ಮೆಟ್ಟಿಲುಗಳೂ ಮಾತ್ರ.

ನ್ಯಾಯಸ್ಥಾನದ ನಿಜವಾದ ಚಿಹ್ನೆಯು ಅದರ ಗುಮ್ಮಟದಲ್ಲಿಲ್ಲ. ಅದರ ಬಾಗಿಲಿಗೂ ಪ್ರಜೆಯ ಹೊಸಿಲಿಗೂ ನಡುವೆ ಇರುವ ದೂರದಲ್ಲಿದೆ. ಈ ಅಳತೆಗೋಲನ್ನು ಹಿಡಿದು ನೋಡುವವರು ಒಡೆಯರಪಾಳ್ಯದಂಥ ಊರಿನಿಂದ ಹೊರಡಬೇಕು. ಒಂದೆಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದೆಡೆ ಮಲೆಮಹದೇಶ್ವರನ ಬೆಟ್ಟ; ನಡುವೆ ಸೋಲಿಗರ ಪೋಡುಗಳು, ಒಕ್ಕಲಿನವರ ಹೊಲಗಳು, ಟಿಬೆಟ್ಟಿನ ನಿರಾಶ್ರಿತರ ನೆಲಸು. ಅಲ್ಲಿಂದ ಹನೂರಿಗೂ ಕೊಳ್ಳೇಗಾಲಕ್ಕೂ ಹೋಗಿಬರುವುದೇ ಕೂಲಿಯವನಿಗೆ ಒಂದು ದಿನದ ಸಂಪಾದನೆಯ ನಷ್ಟ. ಬೆಂಗಳೂರಿನಿಂದ ಮುಂದಕ್ಕೆ ದೆಹಲಿಯು ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ಹಾದಿ. ರೈಲಿನಲ್ಲಿ ಒಂದೂವರೆ ದಿನಕ್ಕೂ ಹೆಚ್ಚಿನ ಪ್ರಯಾಣ. ಆ ಬಳಿಕ ತಿಳಿಯದ ಭಾಷೆ, ತಿಳಿಯದ ಊರು, ಕೈಗೆಟುಕದ ವಕೀಲರ ಶುಲ್ಕ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯು ಹತ್ತಿರದ ಕೋರ್ಟುಗಳನ್ನು ಕಂಡು ಹುಟ್ಟಿದುದು. ದೆಹಲಿಯ ದಾರಿಯನ್ನು ಕಂಡಿದ್ದರೆ ಗಾದೆಯನ್ನು ಕಟ್ಟಿದವನು ಇನ್ನೇನು ಹೇಳುತ್ತಿದ್ದನೋ!

ನ್ಯಾಯಾಸನವು ಇದ್ದಲ್ಲಿಯೇ ಇರಬೇಕು, ಅದನ್ನು ಕದಲಿಸುವುದು ಅಪಚಾರವೆಂದು ಭಾವಿಸುವವರಿಗೆ ಕೊಳ್ಳೇಗಾಲದ ಸೀಮೆಯ ಚರಿತ್ರೆಯೇ ಉತ್ತರವಾಗಿದೆ. 1956ನೆಯ ನವೆಂಬರ್ 1ರವರೆಗೆ ಈ ಸೀಮೆಯು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಗ ಇಲ್ಲಿಯವರ ಪಾಲಿನ ಹೈಕೋರ್ಟು ಸಮುದ್ರತೀರದ ಮದರಾಸಿನದು. 1892ರಲ್ಲಿ ತೆರೆದ ಆ ಕೆಂಪು ಭವನದ ಗೋಪುರದ ಮೇಲೆ ದೀಪಸ್ತಂಭವೊಂದಿತ್ತು. ಅದು 1977ರವರೆಗೆ ಹಡಗಿನವರಿಗೆ ದಾರಿ ತೋರಿಸಿತು. ಆದರೆ ಕಾಡಿನವರಿಗೆ ಆ ಬೆಳಕು ಎಟುಕುವಂತಿರಲಿಲ್ಲ. ಅದಕ್ಕೂ ಮೇಲಿನದು ಲಂಡನ್ನಿನ ಪ್ರಿವಿ ಕೌನ್ಸಿಲು. 1949ರ ಅಕ್ಟೋಬರಿನಲ್ಲಿ ಅದರ ಅಧಿಕಾರವು ಕೊನೆಗೊಂಡಿತು. ಬಳಿಕ ದೆಹಲಿ ಬಂದಿತು. ರಾಜ್ಯಗಳ ಪುನರ್ವಿಂಗಡಣೆಯಾದೊಡನೆ ಮದರಾಸು ಹೋಗಿ ಬೆಂಗಳೂರು ಬಂದಿತು. ಹೀಗೆ ಇಂದಿಗೂ ಬದುಕಿರುವ ವೃದ್ಧರ ಒಂದೇ ಆಯುಷ್ಯದಲ್ಲಿ ನ್ಯಾಯದ ಪೀಠಗಳು ಲಂಡನ್ನು, ಮದರಾಸು, ಬೆಂಗಳೂರು, ದೆಹಲಿಗಳೆಂದು ಬದಲಾಗಿವೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಪೀಠದ ಸ್ಥಾನವು ಮನುಷ್ಯರು ಮಾಡಿಕೊಂಡ ಏರ್ಪಾಡೇ ಹೊರತು ದೈವವಿಧಿಯಲ್ಲ.

ಈ ದೂರದಿಂದ ಆಗುವ ಹಾನಿಯು ಕೇವಲ ಪ್ರಯಾಣದ ಆಯಾಸವೆಂದು ತಿಳಿಯಬಾರದು. 1993ನೆಯ ಏಪ್ರಿಲ್ 9ರಂದು ಮಲೆಮಹದೇಶ್ವರ ಬೆಟ್ಟದ ಆಚೆಗಿನ ಪಾಲಾರಿನ ಬಳಿ ನೆಲಬಾಂಬು ಸಿಡಿದು 22 ಮಂದಿ ಮಡಿದರು. ಆ ಘೋರಕೃತ್ಯದ ವಿಚಾರಣೆಯು ಟಾಡಾ ಶಾಸನದ ಮೇರೆಗೆ ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ನಡೆದು, 2001ರಲ್ಲಿ ಜೀವಾವಧಿ ಶಿಕ್ಷೆಯು ವಿಧಿಸಲ್ಪಟ್ಟಿತು. ಶಿಕ್ಷಿತರಲ್ಲಿ ಈ ಕಾಡುಸೀಮೆಯವರೂ ಇದ್ದರು. ಆ ಶಾಸನದಲ್ಲಿ ಹೈಕೋರ್ಟಿಗೆ ಅಪೀಲೇ ಇರಲಿಲ್ಲ. ಅಪೀಲು ನೆಟ್ಟಗೆ ದೆಹಲಿಗೆ. 2004ನೆಯ ಜನವರಿ 29ರಂದು ಅಲ್ಲಿ ನಾಲ್ವರ ಶಿಕ್ಷೆಯು ಮರಣದಂಡನೆಯಾಗಿ ಏರಿತು. ಕ್ಷಮಾಯಾಚನೆಯ ನಿರ್ಣಯದಲ್ಲಾದ ವಿಳಂಬದ ದೆಸೆಯಿಂದ 2014ನೆಯ ಜನವರಿ 21ರಂದು ಮತ್ತೆ ಜೀವಾವಧಿಗೆ ಇಳಿಯಿತು. ಅಪರಾಧವು ಎಷ್ಟರಮಟ್ಟಿನದೆಂಬುದು ಇಲ್ಲಿಯ ಪ್ರಶ್ನೆಯಲ್ಲ. ಬಡವನೊಬ್ಬನ ಪ್ರಾಣವು ತೂಗುತ್ತಿರುವಾಗ ಅವನ ಹೆಂಡತಿ ಮಕ್ಕಳು ಹೋಗಿ ನಿಲ್ಲಲಾರದಷ್ಟು ದೂರದಲ್ಲಿ ತಕ್ಕಡಿಯನ್ನು ಹಿಡಿಯಬಹುದೇ ಎಂಬುದೇ ಪ್ರಶ್ನೆ.

ಇನ್ನೊಂದು ದೃಷ್ಟಾಂತ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯದ ಅರಣ್ಯಹಕ್ಕುಗಳು ದೊರೆತು, ಅದು ದೇಶಕ್ಕೇ ಮಾದರಿಯೆನಿಸಿತು. 2019ನೆಯ ಫೆಬ್ರವರಿ 13ರಂದು, ಹಕ್ಕಿನ ಅರ್ಜಿ ತಿರಸ್ಕೃತವಾದ ಅರಣ್ಯವಾಸಿಗಳನ್ನು ಎಬ್ಬಿಸಬೇಕೆಂಬ ಆಜ್ಞೆಯು ದೆಹಲಿಯಿಂದ ಹೊರಟಿತು. 28ರಂದು ಅದಕ್ಕೆ ತಡೆ ಬಂದಿತು. ನಡುವಣ 15 ದಿನಗಳಲ್ಲಿ ಕಾಡಿನ ಗುಡಿಸಲುಗಳ ನೆಮ್ಮದಿಯು ಏನಾಗಿದ್ದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಪೋಡೊಂದರ ಮುಖವನ್ನು ಹತ್ತಿರದಿಂದ ಕಾಣಬಲ್ಲ ಪೀಠವಿದ್ದಿದ್ದರೆ ತಡೆಯು ಆಜ್ಞೆಯ ಹಿಂದೆ ಓಡಬೇಕಾಗುತ್ತಿರಲಿಲ್ಲವೇನೋ.

ಇದಕ್ಕೆ ಬರುವ ಮೊದಲನೆಯ ಆಕ್ಷೇಪಣೆಯು ಐಕ್ಯದ್ದು. ದೇಶ ಒಂದು, ಶ್ರೇಷ್ಠ ನ್ಯಾಯಸ್ಥಾನ ಒಂದು. ಅದನ್ನು ಹಂಚಿದರೆ ಅದರ ವಾಣಿಯೂ ಹರಿದುಹೋಗುವುದೆಂದು ಬಲ್ಲವರು ನುಡಿಯುತ್ತಾರೆ. ಆದರೆ ದೆಹಲಿಯ ಭವನದೊಳಗೇ ಇಬ್ಬರು ಮೂವರು ನ್ಯಾಯಮೂರ್ತಿಗಳ ಅನೇಕ ಪೀಠಗಳು ಬೇರೆ ಬೇರೆ ಕೊಠಡಿಗಳಲ್ಲಿ ಏಕಕಾಲದಲ್ಲಿ ಕುಳಿತಿರುತ್ತವಷ್ಟೆ! ಗೋಡೆಗಳಿಂದ ಕೆಡದ ಐಕ್ಯವು ಯೋಜನಗಳಿಂದ ಕೆಡುವುದೆಂಬುದು ಯಾವ ತರ್ಕ? ಕರ್ನಾಟಕದ ಹೈಕೋರ್ಟು 2008ರಲ್ಲಿ ಧಾರವಾಡಕ್ಕೂ ಕಲಬುರಗಿಗೂ ಸಂಚಾರಿ ಪೀಠಗಳನ್ನು ಕಳುಹಿಸಿತು. 2013ರಲ್ಲಿ ಅವು ಸ್ಥಿರವಾದವು. ಹೈಕೋರ್ಟು ಮೂರಾಗಲಿಲ್ಲ, ಬೀದರಿನ ಬಡವನ ಹಾದಿಯು ಮಾತ್ರ ಮೊಟಕಾಯಿತು.

ಎರಡನೆಯದು ಘನತೆಯ ಆಕ್ಷೇಪಣೆ. ಅಂಥ ಭವನವು ಬೇರೆಡೆ ಎಲ್ಲಿದೆ ಎನ್ನುತ್ತಾರೆ. ಸರ್ವೋಚ್ಚ ನ್ಯಾಯಾಲಯವು 1950ರಿಂದ 1958ರವರೆಗೆ ಸ್ವಂತ ಕಟ್ಟಡವಿಲ್ಲದೆ, ಸಂಸತ್ ಭವನದೊಳಗೆ ಹಿಂದೆ ರಾಜಮಹಾರಾಜರ ಸಭೆ ಸೇರುತ್ತಿದ್ದ ಮಂದಿರದಲ್ಲಿ ಕುಳಿತಿತ್ತು. ಆ ಕಾಲದ ತೀರ್ಪುಗಳ ತೂಕವು ಕಡಮೆಯಾಯಿತೆಂದು ಹೇಳುವ ಧೈರ್ಯ ಯಾರಿಗಿದೆ? ಬೆಂಗಳೂರಿನ ಅಠಾರಾ ಕಚೇರಿಯು 1868ರಲ್ಲಿ ಮುಗಿದುದು ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ. ಇಂದು ಅದೇ ಹೈಕೋರ್ಟಿನ ಗೌರವದ ಗುರುತಾಗಿದೆ. ಪರದೇಶಗಳನ್ನು ನೋಡಿದರೂ ಇದೇ ಪಾಠ. ಜರ್ಮನಿಯ ಸಂವಿಧಾನ ನ್ಯಾಯಾಲಯವು 1951ರಿಂದಲೂ ರಾಜಧಾನಿಯನ್ನು ಬಿಟ್ಟು ಕಾರ್ಲ್ಸ್‌ರೂಹೆ ಎಂಬ ಊರಿನಲ್ಲಿದೆ. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯವು ಜೊಹಾನ್ಸ್‌ಬರ್ಗಿನ ಹಳೆಯ ಸೆರೆಮನೆಯ ನೆಲದ ಮೇಲೆ, ಅದರ ಇಟ್ಟಿಗೆಗಳನ್ನೇ ಬಳಸಿ ಕಟ್ಟಲ್ಪಟ್ಟು 2004ರಲ್ಲಿ ತೆರೆಯಿತು. ನೊಂದವರು ನಿಂತಿದ್ದ ನೆಲವೇ ನ್ಯಾಯಕ್ಕೆ ಯೋಗ್ಯವಾದ ನೆಲವೆಂಬುದು ಅದರ ಸಂಕೇತ. ದೆಹಲಿಯಲ್ಲಾದರೋ 1979ರಲ್ಲಿಯೂ 1994ರಲ್ಲಿಯೂ ಭವನಕ್ಕೆ ಹೊಸ ಭಾಗಗಳು ಸೇರಿದವು, 2019ರಲ್ಲಿ ಸಮೀಪದಲ್ಲೇ ಇನ್ನೊಂದು ಸಮುಚ್ಚಯವು ಎದ್ದಿತು. 1950ರಲ್ಲಿ 8 ಆಗಿದ್ದ ನ್ಯಾಯಮೂರ್ತಿಗಳ ಸಂಖ್ಯೆಯು 2019ರಲ್ಲಿ 34ಕ್ಕೆ ಏರಿತು. ಎಲ್ಲವೂ ಬೆಳೆಯಿತು, ಬೆಳೆದುದೆಲ್ಲವೂ ಒಂದೇ ಊರಿನಲ್ಲಿ.

ಮೂರನೆಯದು ಹೊಸ ಕಾಲದ ಸಮಾಧಾನ: ದೃಶ್ಯವಾಣಿಯ ಯಂತ್ರವಿರುವಾಗ ದೂರವೆಲ್ಲಿದೆ ಎಂಬುದು. ಆ ಯಂತ್ರದಿಂದಲೂ 2019ರಿಂದ ಆರಂಭವಾದ ತೀರ್ಪುಗಳ ಕನ್ನಡ ಅನುವಾದದಿಂದಲೂ ಆದ ಉಪಕಾರವನ್ನು ಅಲ್ಲಗಳೆಯಬಾರದು. ಆದರೆ ಯಂತ್ರವು ವಕೀಲನಿಗೆ ಕಿಟಕಿಯಾಗಬಲ್ಲುದೇ ಹೊರತು ಕಕ್ಷಿಗಾರನಿಗೆ ಬಾಗಿಲಾಗಲಾರದು. ತನ್ನ ವ್ಯಾಜ್ಯವನ್ನು ನಡೆಸುವವನ ಎದುರಿಗೆ ಕುಳಿತು ಕನ್ನಡದಲ್ಲಿ ಹೇಳಿಕೊಳ್ಳುವ ಅನುಕೂಲವು ಬಡವನಿಗೆ ಬೇಕು. ಅದು ವಕೀಲರ ವೃಂದವು ಹತ್ತಿರವಿದ್ದಲ್ಲಿ ಮಾತ್ರ ಸಾಧ್ಯ.

ಪರಿಹಾರವು ದುಸ್ಸಾಧ್ಯವೂ ಅಲ್ಲ, ನೂತನವೂ ಅಲ್ಲ. ಸಂವಿಧಾನದ 130ನೆಯ ಅನುಚ್ಛೇದವು ಸರ್ವೋಚ್ಚ ನ್ಯಾಯಾಲಯವು ದೆಹಲಿಯಲ್ಲಿ, ಅಥವಾ ರಾಷ್ಟ್ರಪತಿಯವರ ಅನುಮೋದನೆಯಿಂದ ಮುಖ್ಯ ನ್ಯಾಯಮೂರ್ತಿಗಳು ಗೊತ್ತುಪಡಿಸುವ ಇತರ ಸ್ಥಳಗಳಲ್ಲಿ ಕೂರಬಹುದೆಂದು ಹೇಳುತ್ತದೆ. ತಿದ್ದುಪಡಿ ಬೇಡ, ಹೊಸ ಭವನವೂ ಬೇಡ. 1950ರಲ್ಲಿ ಹೈದರಾಬಾದಿನಲ್ಲಿಯೂ 1954ರಲ್ಲಿ ಶ್ರೀನಗರದಲ್ಲಿಯೂ ಅದು ಕುಳಿತುದುಂಟು. ಸಂವಿಧಾನದ ಗಹನಪ್ರಶ್ನೆಗಳು ದೆಹಲಿಯಲ್ಲಿ ಉಳಿದು, ಸಾಮಾನ್ಯ ಅಪೀಲುಗಳಿಗೆ ದಕ್ಷಿಣದಲ್ಲಿಯೂ ಪೀಠವಿರಲೆಂದು 2009ರಲ್ಲಿ ಕಾನೂನು ಆಯೋಗವು ತನ್ನ 229ನೆಯ ವರದಿಯಲ್ಲಿ ಸಲಹೆ ಮಾಡಿತು. 2010ರಲ್ಲಿ ನ್ಯಾಯಮೂರ್ತಿಗಳ ಪೂರ್ಣಸಭೆಯು ಅದನ್ನು ಒಪ್ಪಲಿಲ್ಲ. ಆ ಪೀಠವು ಚೆನ್ನೈಗೋ ಹೈದರಾಬಾದಿಗೋ ಬೆಂಗಳೂರಿಗೋ ಎಂಬ ಜಗಳವನ್ನು ಹೂಡಿ ಕೆಲಸ ಕೆಡಿಸುವುದು ಕನ್ನಡಿಗರಿಗೆ ತಕ್ಕುದಲ್ಲ. ಮದರಾಸಿನ ದಾರಿಯನ್ನೂ ಬೆಂಗಳೂರಿನ ದಾರಿಯನ್ನೂ ತುಳಿದ ಕೊಳ್ಳೇಗಾಲದ ಸೀಮೆಗೆ ಅವುಗಳಲ್ಲಿ ಯಾವುದಾದರೂ ದೆಹಲಿಗಿಂತ ಸಮೀಪವೇ.

ಆ ಭವನದೊಳಗೆ ನ್ಯಾಯದೇವತೆಯ ಹೊಸ ಮೂರ್ತಿಯೊಂದನ್ನು ಇರಿಸಲಾಯಿತು. ಕಣ್ಣಿನ ಪಟ್ಟಿಯನ್ನು ಬಿಚ್ಚಿದರು. ಖಡ್ಗವನ್ನು ತೆಗೆದು ಕೈಗೆ ಸಂವಿಧಾನದ ಗ್ರಂಥವನ್ನು ಕೊಟ್ಟರು. ಸ್ತುತ್ಯವಾದ ಕಾರ್ಯ. ಆದರೆ ಕಣ್ಣು ತೆರೆದರೇನು, ಕಾಲು ಕದಲಲಿಲ್ಲ. ದೇವಿಯು ತನ್ನ ಕೈಯಲ್ಲಿರುವ ಗ್ರಂಥವನ್ನು ಬಿಡಿಸಿ ಓದಿದರೆ, ನಡೆಯಲು ಬೇಕಾದ ಅಪ್ಪಣೆಯು ಅದರ 130ನೆಯ ಅನುಚ್ಛೇದದಲ್ಲಿಯೇ ಬರೆದಿದೆ.